ಬೈಪಾಸ್ ಆದ ಮೇಲೆ ವ್ಯಾಯಾಮ ಹೇಳಿಕೊಡುವವರು ಯಾರು?



ಸರ್ಕಾರದ ಆರೋಗ್ಯ ಕಾರ್ಡ್‌ನಿಂದಾಗಿ ಹರಿಹರ ತಾಲ್ಲೂಕಿನ ಬಡವರಿಗೂ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಸಿಗುತ್ತಿದೆ. ಸಂತೋಷ. ಆದರೆ ಬೈಪಾಸ್ ಆದ ನಮ್ಮಣ್ಣನನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯವರು ಹೇಳಿದ್ದು ಎರಡೇ ಮಾತು: ‘ವಾಕಿಂಗ್ ಮಾಡಿ, ಭಾರ ಎತ್ತಬೇಡಿ’. ಎಷ್ಟು ದೂರ, ಎಷ್ಟು ಬಿರುಸಾಗಿ, ಏನಾದರೆ ನಿಲ್ಲಿಸಬೇಕು? ಉತ್ತರವಿಲ್ಲ. ಹೆದರಿದ ಅಣ್ಣ ಮಂಚ ಬಿಟ್ಟು ಏಳುತ್ತಿಲ್ಲ. ಇದೇ ಶಸ್ತ್ರಚಿಕಿತ್ಸೆಯಾದ ನಮ್ಮ ಓಣಿಯ ಇನ್ನೊಬ್ಬರು ತಿಂಗಳೊಳಗೇ ಭತ್ತದ ಚೀಲಕ್ಕೆ ಕೈಹಾಕಿದರು. ಆದರೆ ಶಸ್ತ್ರಚಿಕಿತ್ಸೆಗಾಗಿ ಸೀಳಿದ ಎದೆಮೂಳೆ ಕೂಡಿಕೊಳ್ಳಲು ಎರಡು-ಮೂರು ತಿಂಗಳು ಬೇಕು.

ಆಸ್ಪತ್ರೆಯಲ್ಲಿ ತಜ್ಞರ ಕಣ್ಣೆದುರಿನ ವ್ಯಾಯಾಮ ಒಳ್ಳೆಯದೇ. ಆದರೆ ವಾರಕ್ಕೆ ಮೂರು ಸಲ ಸಾರಥಿಯಿಂದ ದಾವಣಗೆರೆಗೆ ಹೋಗಿಬರುವುದು, ಜೊತೆಗೆ ಹೋಗಲು ಇನ್ನೊಬ್ಬರು ಕೂಲಿ ಬಿಡುವುದು ಆಗದ ಮಾತು. ಅಪಾಯ ಕಡಿಮೆ ಇರುವವರಿಗೆ ಮನೆಯ ವ್ಯಾಯಾಮವೂ ಹೆಚ್ಚುಕಡಿಮೆ ಅಷ್ಟೇ ಫಲ ಕೊಡುತ್ತದೆ ಎನ್ನುತ್ತವೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳು. ಮನೆಯಲ್ಲಿ ಎಂದರೆ ರೋಗಿಯನ್ನು ಅವನ ಪಾಡಿಗೆ ಬಿಡುವುದಲ್ಲ. ಮೊದಲು ಪರೀಕ್ಷೆ, ಬರೆದುಕೊಟ್ಟ ಕ್ರಮ, ಆಗಾಗ ಫೋನ್ ವಿಚಾರಣೆ ಇರಬೇಕು. ಹೃದಯದ ಪಂಪಿಂಗ್ ಕುಗ್ಗಿದವರು, ಬಡಿತ ತಪ್ಪುವವರು ಮಾತ್ರ ನಿಗಾದಲ್ಲೇ ಮಾಡಲಿ.

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲ ಕೆಲವು ಪಾಠ, ಬಳಿಕ ಹರಿಹರದ ಸಾರ್ವಜನಿಕ ಆಸ್ಪತ್ರೆಗೆ ವಾರಕ್ಕೊಂದು ದಿನ ಫಿಸಿಯೊಥೆರಪಿಸ್ಟ್ ಬರುವಂತಾಗಲಿ. ರೋಗಿಯ ಶಕ್ತಿ ಅಳೆಯುವ ಆರು ನಿಮಿಷದ ನಡಿಗೆ ಪರೀಕ್ಷೆಗೆ 30 ಮೀಟರ್ ವರಾಂಡ, ಗಡಿಯಾರ, ಬಿಪಿ ಯಂತ್ರ ಸಾಕು, ಕೋಟಿಗಟ್ಟಲೆ ಹಣ ಬೇಕಿಲ್ಲ. ಹೃದಯಾಘಾತವಾದವರಿಗೆ ತಾಲ್ಲೂಕು ಮಟ್ಟದಲ್ಲೇ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗಲೆಂದು ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ತಂದ ಆರೋಗ್ಯ ಇಲಾಖೆ, ಈ ವ್ಯಾಯಾಮದ ವ್ಯವಸ್ಥೆಯನ್ನೂ ಆ ಯೋಜನೆಗೆ ಸೇರಿಸಬೇಕೆಂದು ವಿನಂತಿ.

– ಓದುಗ, ಸಾರಥಿ, ಹರಿಹರ ತಾಲ್ಲೂಕು