ಪೋಷಕರು ಹೆಚ್ಚಿದರು, ವೇಷಧಾರಿಗಳು ಕಡಿಮೆಯಾದರು

ಮುಂಬಯಿಯಲ್ಲಿ ಕನ್ನಡದ ಕಲಾ ಚಟುವಟಿಕೆ ಕ್ಷೀಣಿಸುತ್ತಿದೆ ಎಂಬ ದೂರು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಈ ದೂರನ್ನು ಹೇಳಿದ ಹಾಗೆಯೇ ಒಪ್ಪಿಕೊಳ್ಳುವುದು ನನಗೆ ಕಷ್ಟ. ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರ ಸಭಾಗೃಹಗಳಿವೆ. ಊರಿನ ತಿರುಗಾಟ ಮುಗಿಸಿದ ಕರಾವಳಿಯ ಯಕ್ಷಗಾನ ಕಲಾವಿದರು ಮಳೆಗಾಲದಲ್ಲಿ ತಂಡ ಕಟ್ಟಿಕೊಂಡು ಇಲ್ಲಿಗೆ ಬರುತ್ತಾರೆ. ನಾಟಕ ತಂಡಗಳೂ ಬರುತ್ತವೆ. ಶಾಲು, ಹಾರ, ಸ್ಮರಣಿಕೆಗಳಿಗೆ ಯಾವ ಬರಗಾಲವೂ ಬಂದಂತಿಲ್ಲ. ಕ್ಷೀಣಿಸಿರುವುದು ಬೇರೆಯೇ ಒಂದು ಸಂಗತಿ. ಮುಂಬಯಿಯ ಕನ್ನಡಿಗ ಇಂದು ಕಲೆಯನ್ನು ನೋಡುವವನು, ಅದಕ್ಕೆ ದೇಣಿಗೆ ಕೊಡುವವನು, ಅದರ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಳ್ಳುವವನು. ಅದನ್ನು ಮಾಡುವವನಾಗಿ ಮಾತ್ರ ಅವನು ಉಳಿದಿಲ್ಲ. ತನ್ನ ಕೇರಿಯಲ್ಲಿ, ತನ್ನ ಕಟ್ಟಡದ ಕೆಳಗೆ, ನೆರೆಯವರನ್ನು ಸೇರಿಸಿಕೊಂಡು ಹಾಡುವ, ಕುಣಿಯುವ, ಅರ್ಥ ಹೇಳುವ ಅಭ್ಯಾಸ ಅವನಿಂದ ಕಳಚಿಹೋಗಿದೆ.

ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ರಾತ್ರಿಶಾಲೆಗಳ ಇತಿಹಾಸವೇ ಸಾಕ್ಷಿ. ಆಗಿನ ಅವಿಭಜಿತ ದಕ್ಷಿಣ ಕನ್ನಡದಿಂದ ಎಳೆಯ ವಯಸ್ಸಿನಲ್ಲೇ ಹೊರಟು ಬಂದ ಹುಡುಗರು ಫೋರ್ಟ್ ಪ್ರದೇಶದ ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲೆಲ್ಲ ದುಡಿದು, ದೀಪ ಹೊತ್ತಿದ ಮೇಲೆ ಪುಸ್ತಕ ಹಿಡಿದದ್ದು ಈ ಶಾಲೆಗಳಲ್ಲಿ. 1902ರಷ್ಟು ಹಿಂದೆಯೇ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ಕನ್ನಡ ಮಾಧ್ಯಮದ ರಾತ್ರಿಶಾಲೆಗಳನ್ನು ನಡೆಸಿದವು. ಶಾಲೆಯೆಂದ ಮೇಲೆ ವಾರ್ಷಿಕೋತ್ಸವ. ವಾರ್ಷಿಕೋತ್ಸವವೆಂದ ಮೇಲೆ ನಾಟಕ. ನಾಟಕಕ್ಕೆ ರಾಜ ಬೇಕು, ರಾಣಿ ಬೇಕು, ಪರದೆ ಎಳೆಯುವವನು ಬೇಕು, ಮಾತು ಮರೆತರೆ ಹಿಂದಿನಿಂದ ಹೇಳಿಕೊಡುವವನು ಬೇಕು. ಇವರೆಲ್ಲರೂ ಆ ಶಾಲೆಯೊಳಗಿನಿಂದಲೇ ಬರಬೇಕಿತ್ತು. ಹೊರಗಿನಿಂದ ಕರೆಸಲು ಹಣವಿರಲಿಲ್ಲ. ಬೆಳಗ್ಗೆ ಐದಕ್ಕೆ ಇಡ್ಲಿಯ ಹಬೆಯ ಮುಂದೆ ನಿಲ್ಲಬೇಕಾದ ಹುಡುಗ ರಾತ್ರಿ ಹನ್ನೊಂದರವರೆಗೆ ದುರ್ಯೋಧನನ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ಹೋಟೆಲಿನಲ್ಲಿ ಅವನಿಗೆ ಹೆಸರಿರಲಿಲ್ಲ, 'ಏ ಪೋರ' ಎಂದರೆ ಮುಗಿಯಿತು. ರಂಗದ ಮೇಲೆ ಅವನಿಗೆ ಹೆಸರಿತ್ತು, ಕಿರೀಟವಿತ್ತು, ತಡೆಯಿಲ್ಲದೆ ಮಾತಾಡುವ ಅಧಿಕಾರವಿತ್ತು. ಮುಂಬಯಿ ಕನ್ನಡ ರಂಗಭೂಮಿಯ ಬಲವೆಲ್ಲ ಇಂಥ ಹವ್ಯಾಸಿಗಳದೇ. 2024ರಲ್ಲಿ ನಮ್ಮನ್ನಗಲಿದ ಸದಾನಂದ ಸುವರ್ಣರು ಇಲ್ಲಿನ ಹವ್ಯಾಸಿ ರಂಗದಲ್ಲಿ ಪಳಗಿಯೇ 1977ರ 'ಘಟಶ್ರಾದ್ಧ' ಚಿತ್ರದ ನಿರ್ಮಾಪಕರಾದರು, ಮುಂದೆ 'ಗುಡ್ಡದ ಭೂತ' ಧಾರಾವಾಹಿಯನ್ನು ನಿರ್ದೇಶಿಸಿದರು.

ರಾತ್ರಿಶಾಲೆಗಳು ಸೊರಗಿದ್ದಕ್ಕೆ ಅಳುವವರು ಒಂದು ಮಾತನ್ನು ಗಮನಿಸಬೇಕು. ಹನ್ನೆರಡರ ಹುಡುಗ ಲೋಟ ತೊಳೆಯಲು ಬರುವುದು ನಿಂತದ್ದು ಒಳ್ಳೆಯದೇ ಆಯಿತು. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರಿನಿಂದ ಕಾನೂನಿನಲ್ಲೇ ನಿಷಿದ್ಧ. ಆ ದಾರಿದ್ರ್ಯ ಮರಳಿ ಬರಲಿ ಎಂದು ಯಾರೂ ಹಾರೈಸಲಾರರು. ನಾನು ಕೇಳುವುದಿಷ್ಟೇ: ದಾರಿದ್ರ್ಯ ಹೋಗುವಾಗ ನಾಟಕವೂ ಅದರ ಜೊತೆಗೇ ಹೋಗಬೇಕಿತ್ತೇ?

ನಾವು ಮಾತ್ರ ಹೀಗೆ ಬದುಕಿದವರಲ್ಲ. ಈ ನಗರದ ಕಲೆಯ ದೊಡ್ಡ ಪಾಲು ಚಾಳಿನಲ್ಲಿ, ಗಿರಣಿಯ ಗೇಟಿನಲ್ಲಿ, ಕೂಲಿಗಳ ಕೋಣೆಯಲ್ಲಿ ಹುಟ್ಟಿದ್ದು. 1893ರಲ್ಲಿ ಗಿರ್ಗಾಂವದ ಕೇಶವಜಿ ನಾಯಕ ಚಾಳಿನಲ್ಲಿ ಸಾರ್ವಜನಿಕ ಗಣೇಶೋತ್ಸವ ಮೊದಲಾಯಿತು. ಅದರ ಮಂಟಪಗಳೇ ಮುಂದೆ ಎಷ್ಟೋ ಮರಾಠಿ ನಟರಿಗೆ, ಗಾಯಕರಿಗೆ ಮೊದಲ ರಂಗವಾದವು. ಅದಕ್ಕೆ ಒಂದು ವರ್ಷ ಮೊದಲು, 1892ರ ಏಪ್ರಿಲಿನಲ್ಲಿ, ಗೋವೆಯಿಂದ ದುಡಿಯಲು ಬಂದವರು ಕೊಂಕಣಿಯ ಮೊದಲ 'ತಿಯಾತ್ರ್' ಆಡಿದ್ದು ಗೋವೆಯಲ್ಲಲ್ಲ, ಇದೇ ಮುಂಬಯಿಯಲ್ಲಿ. 1943ರಲ್ಲಿ ಇಪ್ಟಾ ಹುಟ್ಟಿದ ಊರೂ ಇದೇ. ಅಣ್ಣಾಭಾವು ಸಾಠೆ, ಅಮರ ಶೇಖ್, ಗವ್ಹಾಣಕರ್ ಮೊದಲಾದ ಶಾಹೀರರು ಡಫದ ಮೇಲೆ ಹಾಡಿದ್ದು ಪಟ್ಟಸಭೆಗಳಲ್ಲಲ್ಲ, ಪರೇಲ್ ಲಾಲ್‌ಬಾಗಿನ ಕಾರ್ಮಿಕರ ನಡುವೆ. ಸಾಠೆಯವರಂತೂ ಸ್ವತಃ ಗಿರಣಿಯಲ್ಲಿ ದುಡಿದವರು. ಕೊಂಕಣದಿಂದ ಬಂದ ಗಿರಣಿ ಕಾರ್ಮಿಕರು ತಮ್ಮ ದಶಾವತಾರವನ್ನೂ ಭಜನಾಮಂಡಳಿಗಳನ್ನೂ ಜೊತೆಗೆ ತಂದಿದ್ದರು. ದಶಾವತಾರ ನಮ್ಮ ಯಕ್ಷಗಾನದ ಹತ್ತಿರದ ನೆಂಟ; ಒಂದೇ ಕಡಲತಡಿಯ ಎರಡು ಆಟ. ಒಂದೇ ಊರಿನಲ್ಲಿ ಇಷ್ಟು ಕಾಲ ಬದುಕಿಯೂ ನಮ್ಮ ಸಂಘಗಳು ಈ ಎರಡನ್ನು ಒಂದು ರಾತ್ರಿ ಎದುರುಬದುರು ಕೂರಿಸುವುದನ್ನು ಒಂದು ಪದ್ಧತಿಯಾಗಿ ಬೆಳೆಸಲಿಲ್ಲ.

ಮತ್ತೆ ಇದೆಲ್ಲ ಎಲ್ಲಿ ಹೋಯಿತು? 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರ ಗಿರಣಗಾಂವದ ಬೆನ್ನು ಮುರಿಯಿತು. ಅನ್ನ ಹೋದಲ್ಲಿ ಹಾಡು ನಿಲ್ಲಲಿಲ್ಲ. ಚಾಳುಗಳು ಒಂದೊಂದಾಗಿ ಗೋಪುರ ಕಟ್ಟಡಗಳಾದವು. ಚಾಳಿನಲ್ಲಿ ಇಕ್ಕಟ್ಟಿತ್ತು, ಸಾಮೂಹಿಕ ಶೌಚಾಲಯವಿತ್ತು. ಅಲ್ಲಿ ಬದುಕಿದವರಾರೂ ಅದನ್ನು ಸ್ವರ್ಗವೆನ್ನುವುದಿಲ್ಲ, ಹಾಗೆನ್ನುವವರು ಹೆಚ್ಚಾಗಿ ಹೊರಗಿನಿಂದ ನೋಡಿದವರು. ಆದರೆ ಅಲ್ಲಿ ನಡುವೆ ಅಂಗಳವಿತ್ತು, ಸುತ್ತಲೂ ಉದ್ದನೆಯ ಮೊಗಸಾಲೆಯಿತ್ತು. ಅಂಗಳವೇ ರಂಗ, ಮೊಗಸಾಲೆಯೇ ಬಾಲ್ಕನಿ. ಗೋಪುರದಲ್ಲಿ ಆ ಅಂಗಳ ಕಾರು ನಿಲ್ಲಿಸುವ ಜಾಗವಾಗಿದೆ. ಪರೇಲಿನ ಕಾಮಗಾರ ರಂಗಭೂಮಿಗೆ ಆಸರೆಯಾಗಿದ್ದ ದಾಮೋದರ ನಾಟ್ಯಗೃಹವೂ ಪುನರ್ನಿರ್ಮಾಣಕ್ಕೆಂದು 2023ರಲ್ಲಿ ಬಾಗಿಲು ಹಾಕಿತು.

ಇನ್ನೊಂದು ಕಾರಣವನ್ನು ನಮ್ಮವರು ಹೆಚ್ಚು ಉತ್ಸಾಹದಿಂದ ಹೇಳುತ್ತಾರೆ: ಧ್ವನಿವರ್ಧಕದ ಕಾನೂನು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಕೂಡದು. ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಇದರಿಂದ ಬೆಳಗಿನವರೆಗೆ ನಡೆಯುವ ಬಯಲಾಟಕ್ಕೆ ಪೆಟ್ಟು ಬಿದ್ದದ್ದು ನಿಜ. ಆದರೆ ಕಾನೂನನ್ನು ಶತ್ರುವೆಂದು ಬಗೆಯುವುದು ನ್ಯಾಯವಲ್ಲ. ಪಕ್ಕದ ಕಟ್ಟಡದಲ್ಲಿ ಮಲಗಿರುವ ರೋಗಿಯೂ ಮರುದಿನ ಪರೀಕ್ಷೆ ಬರೆಯುವ ಮಗುವೂ ನಮ್ಮ ನೆರೆಯವರೇ. ನೆರೆಯವರ ನಿದ್ದೆ ಕೆಡಿಸಿ ನಡೆಸುವ ಕಲೆಯನ್ನು ನೆರೆಹೊರೆಯ ಕಲೆ ಎನ್ನಲು ಬಾಯಿ ಬರುವುದಿಲ್ಲ. ಧ್ವನಿವರ್ಧಕ ಬರುವ ಮೊದಲೂ ಯಕ್ಷಗಾನವಿತ್ತಲ್ಲವೆ?

ಅಷ್ಟಕ್ಕೂ ಧ್ವನಿವರ್ಧಕವನ್ನು ಬೇಡದ ರೂಪವೊಂದು ನಮ್ಮ ಕೈಯಲ್ಲೇ ಇದೆ. ತಾಳಮದ್ದಳೆಗೆ ವೇಷ ಬೇಡ, ರಂಗ ಬೇಡ, ಚೌಕಿ ಬೇಡ. ಒಬ್ಬ ಭಾಗವತ, ಒಂದು ಮದ್ದಳೆ, ಒಂದು ಚೆಂಡೆ, ಎದುರುಬದುರು ಕೂತ ನಾಲ್ಕೈದು ಅರ್ಥಧಾರಿಗಳು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲೂ ವಾಲಿಮೋಕ್ಷ ನಡೆಯುತ್ತದೆ. ಚೆಂಡೆಯ ಸದ್ದಿಗೆ ಸೊಸೈಟಿಯ ಕಾರ್ಯದರ್ಶಿ ಆಕ್ಷೇಪಿಸಿದರೆ ಚೆಂಡೆಯನ್ನೂ ಬಿಡಬಹುದು, ಮದ್ದಳೆಯೊಂದೇ ಸಾಕು. ಮಾತು ಮೊದಲೇ ಬರೆದದ್ದಲ್ಲ. ಪದ್ಯ ಮುಗಿದೊಡನೆ ಅರ್ಥಧಾರಿ ಆ ಕ್ಷಣಕ್ಕೆ ಮಾತು ಕಟ್ಟಬೇಕು, ಎದುರಾಳಿ ಅದನ್ನು ಮುರಿಯಬೇಕು. ವಾಲಿಯ ಬಾಯಿಂದ ರಾಮನನ್ನು ಪ್ರಶ್ನಿಸುವ ಧೈರ್ಯವನ್ನು ಕಲಿಸುವ ಇಂಥ ಶಾಲೆ ಬೇರೆಲ್ಲಿದೆ? ಇಂದು ಇದಕ್ಕೂ ನಾವು ಊರಿನ ಪ್ರಸಿದ್ಧ ಅರ್ಥಧಾರಿಗಳನ್ನು ಕರೆಸಿ, ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತೇವೆ. ಅವರು ಬರಲಿ; ಕೇಳುವ ಭಾಗ್ಯ ನಮಗಿರಲಿ. ಆದರೆ ಅವರ ಎದುರು ಒಂದು ಸಣ್ಣ ಪಾತ್ರಕ್ಕಾದರೂ ಇಲ್ಲಿನವನೊಬ್ಬ ಕೂರದಿದ್ದರೆ ಅದು ಮುಂಬಯಿಯ ತಾಳಮದ್ದಳೆ ಹೇಗಾದೀತು?

ತಾಳಮದ್ದಳೆಗಿಂತಲೂ ಕೆಳದನಿಯ ಇನ್ನೊಂದು ಪದ್ಧತಿಯನ್ನು ನಮ್ಮ ವಿದ್ವಾಂಸರು ಕಲೆಯೆಂದೇ ಎಣಿಸುವುದಿಲ್ಲ. ತುಳು ಕನ್ನಡಿಗರು ಶ್ರಾವಣದ ಶನಿವಾರಗಳಂದು ನಡೆಸುವ ಶನಿಗ್ರಂಥ ಪಾರಾಯಣದಲ್ಲಿ ಒಬ್ಬ ಪದ್ಯ ಓದುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ. ವಿಕ್ರಮ ರಾಜನ ಕೈಕಾಲು ಕಡಿಸಿ ಗಾಣದ ಮೇಲೆ ಕೂರಿಸುವ ಭಾಗ ಬಂದಾಗ ಕ್ಯಾಂಟೀನಿನಲ್ಲಿ ದುಡಿದು ದಣಿದವರು ಕಣ್ಣೊರೆಸಿಕೊಳ್ಳುವುದು ಭಕ್ತಿಯಿಂದ ಮಾತ್ರವಲ್ಲ. ರಾಜನೂ ಹೀಗೆ ಪರಸ್ಥಳದಲ್ಲಿ ಕೂಲಿಯಾದನಲ್ಲ ಎಂಬ ಸಮಾಧಾನವೂ ಅದರಲ್ಲಿದೆ. ಓದುವವನು, ಅರ್ಥ ಹೇಳುವವನು, ಕೇಳುವವನು ಒಂದೇ ಕೇರಿಯವರು. ನಾನು ನೆರೆಹೊರೆಯ ಕಲೆ ಎನ್ನುವುದು ಇದನ್ನು.

ಈಗ ಭಾಷೆಯ ಪ್ರಶ್ನೆ. ನಿಜವಾಗಿ ಪಣಕ್ಕಿಟ್ಟಿರುವುದು ಇದೇ. ಮುಂಬಯಿ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿಗಳ ಜೊತೆಗೆ ಕನ್ನಡ ಮಾಧ್ಯಮದಲ್ಲೂ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಆದರೆ ಆ ತರಗತಿಗಳಿಗೆ ನಾವು ನಮ್ಮ ಮಕ್ಕಳನ್ನು ಕಳಿಸಲಿಲ್ಲ. ಭಾಷಣದಲ್ಲಿ ಕನ್ನಡ, ಪ್ರವೇಶಪತ್ರದಲ್ಲಿ ಇಂಗ್ಲಿಷ್. ಅದರ ಫಲವಾಗಿ ಕನ್ನಡ ಕೇಳಿದರೆ ತಿಳಿಯುವ, ಓದಲು ಬಾರದ ಒಂದು ತಲೆಮಾರು ನಮ್ಮ ಮನೆಗಳಲ್ಲೇ ಬೆಳೆದಿದೆ. ಈ ಮಕ್ಕಳಿಗೆ ಯಕ್ಷಗಾನ ಕಲಿಸುವವರು ಪದ್ಯಗಳನ್ನು ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆದುಕೊಡಬೇಕಾಗುತ್ತದೆ. ಲಿಪಿಯಿಲ್ಲದ ಕನ್ನಡವೆಂಥದು ಎಂದು ಹುಬ್ಬುಗಂಟಿಕ್ಕುವ ಹಿರಿಯರಿದ್ದಾರೆ. ನನ್ನ ಅಭಿಪ್ರಾಯ ಅವರಿಗೆ ವಿರುದ್ಧವಾಗಿದೆ. ಹಳ್ಳಿಯ ಎಷ್ಟೋ ವೇಷಧಾರಿಗಳಿಗೆ ಅಕ್ಷರವೇ ಬರುತ್ತಿರಲಿಲ್ಲ. ಕನ್ನಡ ಅವರ ಕಿವಿಯಿಂದ ನಾಲಿಗೆಗೆ ನೇರವಾಗಿ ಇಳಿಯಿತು. ಅಭಿಮನ್ಯುವಿನ ಪಾತ್ರ ವಹಿಸಿ 'ಅಹುದು', 'ಎಲವೋ' ಎಂದು ಗರ್ಜಿಸಿದ ಮುಲುಂಡಿನ ಹುಡುಗಿಗೆ ಮುಂದೊಂದು ದಿನ ಆ ಪದ್ಯದ ಪುಸ್ತಕವನ್ನು ತಾನೇ ಓದಬೇಕೆನಿಸಬಹುದು. ಅನ್ನಿಸದಿದ್ದರೂ ಆ ಎರಡು ಗಂಟೆ ಅವಳ ಬಾಯಲ್ಲಿದ್ದದ್ದು ಕನ್ನಡವೇ. 'ಹುಡುಗಿ' ಎಂದು ಬೇಕೆಂದೇ ಬರೆದೆ. ಹಿಂದೆ ಸ್ತ್ರೀವೇಷಕ್ಕೂ ಹುಡುಗರೇ ಬೇಕಾಗಿದ್ದ ಈ ಆಟದಲ್ಲಿ ಇಂದು ಹೆಣ್ಣುಮಕ್ಕಳು ಪುರುಷವೇಷ ತೊಟ್ಟು ನಿಲ್ಲುತ್ತಿದ್ದಾರೆ. ನಮ್ಮಲ್ಲಾದ ಬದಲಾವಣೆಗಳಲ್ಲಿ ಬೇಷರತ್ತಾಗಿ ಸಂತೋಷಪಡಬಹುದಾದದ್ದು ಇದೊಂದು.

ಇಷ್ಟು ಹೊತ್ತು 'ನಾವು' ಎಂದೆ. ಈ 'ನಾವು' ಯಾರು? ಮೈಸೂರು ಅಸೋಸಿಯೇಶನ್ 1926ರದು, ಬಂಟರ ಸಂಘ 1927ರದು, ಕರ್ನಾಟಕ ಸಂಘ 1933ರದು, ವಡಾಲದ ನ್ಯಾಶನಲ್ ಕನ್ನಡ ಎಜ್ಯುಕೇಶನ್ ಸೊಸೈಟಿ 1939ರದು. ಭಾಷೆಯ ಹೆಸರಿನ ಸಂಸ್ಥೆಗಳ ಪಕ್ಕದಲ್ಲೇ ಜಾತಿಯ ಹೆಸರಿನವೂ ಬೆಳೆದವು. ವಿದ್ಯಾರ್ಥಿವೇತನ, ರಾತ್ರಿಶಾಲೆ, ಪತ್ರಿಕೆಗಳ ವಿಷಯದಲ್ಲಿ ಜಾತಿಸಂಘಗಳು ಮಾಡಿದ ಕೆಲಸವನ್ನು ಹಗುರಾಗಿ ಕಾಣುವವನು ನಾನಲ್ಲ. ಆದರೆ ಭವನಗಳು ದೊಡ್ಡದಾದಂತೆ ಗೋಡೆಗಳೂ ದಪ್ಪವಾದವು. ಒಂದು ಭವನದ ಮಕ್ಕಳು ಇನ್ನೊಂದು ಭವನದ ರಂಗವನ್ನು ಕಾಣರು. ಹಾಗೆಯೇ ಕಲಬುರಗಿ, ವಿಜಯಪುರ, ಬೀದರ ಕಡೆಯಿಂದ ಬಂದು ಗಾರೆಕೆಲಸ, ಮಣ್ಣುಕೆಲಸ ಮಾಡುವ ಕನ್ನಡಿಗರು ಈ ಯಾವ ಭವನದ ಮೆಟ್ಟಿಲನ್ನೂ ಹತ್ತಿದವರಲ್ಲ. ಅವರಲ್ಲಿ ಏಕತಾರಿ ಹಿಡಿದು ಶರೀಫರ, ಕಡಕೋಳ ಮಡಿವಾಳಪ್ಪನವರ ಪದಗಳನ್ನು ಹಾಡುವ ಪರಂಪರೆಯಿದೆ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಅದೇ ತತ್ವಪದವನ್ನು ತಬಲಾ ಹಾರ್ಮೋನಿಯಂ ಸಮೇತ ಸುಗಮ ಸಂಗೀತವೆಂದು ಕೇಳುತ್ತೇವೆ. ಆ ವೇದಿಕೆಯ ಚಪ್ಪರದ ಗಳು ನೆಟ್ಟವನಿಗೆ ಅದು ಬಾಯಿಪಾಠವಿರಬಹುದೆಂಬ ಸಂಶಯವೂ ನಮಗೆ ಬರುವುದಿಲ್ಲ.

ಬೇರೆಯವರು ಏನು ಮಾಡಿದ್ದಾರೆಂದು ನೋಡುವುದರಲ್ಲಿ ಅವಮಾನವಿಲ್ಲ. 2015ರಲ್ಲಿ ಧಾರಾವಿಯಲ್ಲಿ 'ಸ್ನೇಹಾ' ಎಂಬ ಆರೋಗ್ಯ ಸಂಸ್ಥೆ ಕಲಾ ಬಿಯೆನಾಲೆಯೊಂದನ್ನು ನಡೆಸಿತು. ಅಲ್ಲಿನ ನಿವಾಸಿಗಳೇ ಕಲಾವಿದರ ಜೊತೆ ಕಮ್ಮಟಗಳಲ್ಲಿ ಕೂತು, ತಮ್ಮ ಆರೋಗ್ಯ, ಹೆಂಗಸರ ಮೇಲಿನ ಹಿಂಸೆ ಮೊದಲಾದ ವಿಷಯಗಳನ್ನು ಬಟ್ಟೆ, ಚಿತ್ರ, ಗುಜರಿ ವಸ್ತುಗಳಲ್ಲಿ ರೂಪಿಸಿ ತಮ್ಮ ಗಲ್ಲಿಗಳಲ್ಲೇ ಪ್ರದರ್ಶಿಸಿದರು. 1999ರಿಂದ ನಡೆದುಬಂದ ಕಾಲಾಘೋಡಾ ಉತ್ಸವಕ್ಕೆ ಇಡೀ ನಗರ ನೋಡಲು ಹೋಗುತ್ತದೆ. ಧಾರಾವಿಯದ್ದು ಹಾಗಲ್ಲ, ಅಲ್ಲಿ ಕೇರಿಯೇ ಕೈಹಚ್ಚಿತು. ಅದೇ ಧಾರಾವಿಯ ಯುವಕರು ತಮಿಳು, ಹಿಂದಿ, ಮರಾಠಿಗಳನ್ನು ಬೆರೆಸಿ ರ‍್ಯಾಪ್ ಹಾಡುತ್ತಾರೆ. ನಮ್ಮ ಹಿರಿಯ ಸದಸ್ಯರು ಕಿವಿ ಮುಚ್ಚಿಕೊಳ್ಳಬಹುದು. ಆದರೆ ಪದ್ಯದ ಎತ್ತುಗಡೆಗೆ ಆ ಕ್ಷಣದಲ್ಲೇ ಪ್ರಾಸಬದ್ಧ ಮಾತು ಕಟ್ಟುವ ಹಾಸ್ಯಗಾರನನ್ನು ಕಂಡವರಿಗೆ ಅದರಲ್ಲಿ ಅಷ್ಟೊಂದು ಹೊಸತೇನೂ ಕಾಣಿಸದು.

ಹಣದ ಮಾತಿಗೆ ಬರೋಣ. ಊರಿನಿಂದ ತಂಡ ಕರೆಸಲು ರೈಲಿನ ಖರ್ಚು, ವಸತಿ, ಸಂಭಾವನೆ, ಸಭಾಗೃಹದ ಬಾಡಿಗೆ. ನಡುವೆ ಒಂದೂವರೆ ಗಂಟೆಯ ಸಭಾಕಾರ್ಯಕ್ರಮ, ಮೂರು ಗಂಟೆಯ ಕಾಲಮಿತಿ ಆಟದಲ್ಲಿ ಅದರದೇ ಮುಕ್ಕಾಲು ಪಾಲು ನುಂಗುವ ಸನ್ಮಾನ. ಈ ಖರ್ಚನ್ನು ನಿಲ್ಲಿಸಿ ಎನ್ನುತ್ತಿಲ್ಲ. ಕರಾವಳಿಯ ಕಲಾವಿದನಿಗೆ ಮಳೆಗಾಲದ ಅನ್ನ ಇದರಿಂದ ಹುಟ್ಟುತ್ತದೆ. ಆದರೆ ಆ ತಂಡದ ಭಾಗವತರೂ ಮದ್ದಳೆಗಾರರೂ ಹಗಲೆಲ್ಲ ಯಾರದೋ ಮನೆಯಲ್ಲಿ ಊಟ ಮಾಡಿ ಮಲಗಿರುತ್ತಾರೆ. ಕರೆಸುವ ಸಂಘ ಅವರಿಗೆ ಎರಡು ಬೆಳಗಿನ ಸಂಭಾವನೆಯನ್ನು ಹೆಚ್ಚು ಕೊಟ್ಟು, ಗೋರೆಗಾಂವದಲ್ಲೋ ಥಾಣೆಯಲ್ಲೋ ಒಂದು ಶಾಲೆಯ ಕೋಣೆಯನ್ನು ಭಾನುವಾರಕ್ಕೆ ಕೇಳಿ ಪಡೆದು, ಯಾವ ಜಾತಿ ಯಾವ ಮಾತೃಭಾಷೆ ಎಂದು ವಿಚಾರಿಸದೆ ಇಪ್ಪತ್ತು ಮಕ್ಕಳನ್ನು ಅವರ ಮುಂದೆ ಕೂರಿಸಬಹುದು. ಏಕತಾಳ, ರೂಪಕ, ಝಂಪೆ ಇಷ್ಟನ್ನು ಕೈಯಲ್ಲಿ ತಟ್ಟಲು ಕಲಿತರೆ ಮೊದಲ ವರ್ಷಕ್ಕೆ ಸಾಕು. ಈ ಮಳೆಗಾಲಕ್ಕೆ ತಂಡಗಳ ತಾರೀಕು ನಿಗದಿಯಾಗುವಾಗಲೇ ಕಾರ್ಯಕಾರಿ ಸಮಿತಿಯ ಮುಂದೆ ಈ ಒಂದು ಬಾಬನ್ನು ಇಡಲು ಸದಸ್ಯರು ಕಾರ್ಯದರ್ಶಿಗಳಿಗೆ ಪತ್ರ ಬರೆಯಬಹುದು, ನಾನು ಬರೆದಿದ್ದೇನೆ.