ಧ್ರುವ ಎಂಬ ಹೆಸರು

ಕಂಪ್ಯೂಟರ್ ಆಟಗಳನ್ನು ಆಡುವ ಮಕ್ಕಳ ಬಗೆಗೆ ನಮ್ಮ ಮನೆಗಳಲ್ಲಿ ಬೇಕಾದಷ್ಟು ಮಾತು ನಡೆಯುತ್ತದೆ. ಆ ಆಟಗಳನ್ನು ಮಾಡುವವರ ಬಗೆಗೆ ಯಾರೂ ವಿಚಾರಿಸುವುದಿಲ್ಲ. ಅದನ್ನೇ ಕಸುಬಾಗಿಸಿಕೊಂಡು ಇದೇ ಬೆಂಗಳೂರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಬಾಳಿದ ‘ಧ್ರುವ ಇಂಟರ್‌ಆಕ್ಟಿವ್’ ಸಂಸ್ಥೆಯ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಬಲ್ಲಿರೋ ಕಾಣೆ.

ರಾಜೇಶ್ ರಾವ್ ಅವರು 1997ರಲ್ಲಿ ಆಟಗಳ ಕೆಲಸಕ್ಕೆ ಕೈಹಾಕಿದಾಗ ನಮ್ಮ ದೇಶದಲ್ಲಿ ಈ ಉದ್ಯಮವೇ ಇರಲಿಲ್ಲವೆನ್ನಬೇಕು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಸಂಸ್ಥೆಯಿಂದ ‘ಮಿಷನ್ ಇಂಪಾಸಿಬಲ್’ ಆಟದ ಕೆಲಸ ದೊರೆಯಿತು. ಮುಂದೆ ಮೊಬೈಲ್ ಆಟಗಳಿಗಾಗಿ ಚಾರ್ಲಿ ಚಾಪ್ಲಿನ್ನನ ರೂಪವನ್ನು ಬಳಸುವ ಹಕ್ಕನ್ನೂ ಪಡೆದರು. (ನಮ್ಮ ನರಸಿಂಹರಾಜು ಅವರ ಮುಖ ಇದಕ್ಕೆ ಯಾವ ರೀತಿಯಲ್ಲಿ ಕಡಿಮೆಯಿತ್ತೆಂದು ನನಗೆ ಇಂದಿಗೂ ಅನಿಸುತ್ತದೆ!) ಥಾಮಸ್ ಫ್ರೀಡ್ಮನ್ 2005ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಗ್ರಂಥದಲ್ಲಿ ಈ ಸಂಸ್ಥೆಯ ಕಥೆಯಿದೆ.

ಆದರೆ ಅನ್ನ ಕೊಟ್ಟದ್ದು ಪರರ ಆಟಗಳಿಗೆ ಮಾಡಿದ ಚಿತ್ರಕೆಲಸ. ಮೈಕ್ರೋಸಾಫ್ಟಿನ ‘ಫೋರ್ಜಾ’ ಎಂಬ ಕಾರು ಪಂದ್ಯದ ಆಟದಲ್ಲಿ ಓಡುವ ವಾಹನಗಳನ್ನು ರೂಪಿಸಿದ ಕೈಗಳಲ್ಲಿ ಇಲ್ಲಿಯವೂ ಇದ್ದವು. ಒಂದು ಕಾರಿನ ಚಕ್ರ, ದೀಪ, ಆಸನದ ಹೊಲಿಗೆ, ಬಣ್ಣದ ಮೇಲೆ ಬೆಳಕು ಜಾರುವ ಬಗೆ ಇವೆಲ್ಲವನ್ನೂ ಪರದೆಯ ಮೇಲೆ ಕಡೆದು ನಿಲ್ಲಿಸುವುದು ಶಿಲ್ಪಿಯ ಸಹನೆಯನ್ನೇ ಬೇಡುವ ಕೆಲಸ. ಆಟವಾಡುವವನಿಗೆ ಕಾಣುವುದು ಮಾತ್ರ ಮತ್ತೊಬ್ಬರ ಹೆಸರು.

2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆ ಧ್ರುವದ ಬಹುಪಾಲನ್ನು ಕೊಂಡಿತು. ಮರುವರ್ಷವೇ ಅದು ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿ, 2019ರಲ್ಲಿ ಆ ಪಾಲನ್ನು ಸುಮಾರು 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್‌ಗೆ ಮಾರಿತು. ಧ್ರುವ ರಾಕ್‌ಸ್ಟಾರಿನ ಬೆಂಗಳೂರು ಶಾಖೆಯಲ್ಲಿ ಲೀನವಾಯಿತು. ಅಚಲ ಪದವಿ ಪಡೆದ ಬಾಲಕನ ಹೆಸರು ಹೊತ್ತ ಸಂಸ್ಥೆಗೆ ಸ್ವಂತ ಪೀಠ ಉಳಿಯಲಿಲ್ಲ.

ಯಲಹಂಕದಲ್ಲಿರುವ ನನ್ನ ಹಳೆಯ ಶಿಷ್ಯರೊಬ್ಬರ ಮಗಳು ಇಂಥದೇ ವಿದ್ಯೆಯನ್ನು ಕಲಿಯಲು ಹಟ ಹಿಡಿದಿದ್ದಾಳೆ. “ಹೆಸರೇ ಉಳಿಯದ ಕೆಲಸಕ್ಕೆ ಹೇಗೆ ಕಳಿಸಲಿ, ಮೇಷ್ಟ್ರೇ?” ಎಂದು ಅವರು ಕೇಳಿದರು. ಅವರ ತಂದೆ ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿದ್ದವರು. ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು 1961ರಲ್ಲಿ ಶುರುವಾದ ಆ ಕಾರ್ಖಾನೆ ತನ್ನದೇ ಹೆಸರನ್ನು ಮನೆಮನೆಗೂ ಮುಟ್ಟಿಸಿತು. ಆದರೂ 2016ರಲ್ಲಿ ಎಚ್‌ಎಂಟಿ ಗಡಿಯಾರ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಅಲ್ಲಿ ಹೆಸರು ಉಳಿಯಿತು, ಕೆಲಸ ಹೋಯಿತು. ಇಲ್ಲಿ ಹೆಸರು ಹೋಯಿತು, ಕಲಿತ ಕೈಗಳಿಗೆ ಇದೇ ಊರಿನಲ್ಲಿ ಕೆಲಸ ಉಳಿಯಿತು. ಮಗಳನ್ನು ಧೈರ್ಯವಾಗಿ ಕಳಿಸಿರೆಂದೇ ಹೇಳಿದೆ.

ಸಂಸ್ಥೆಯನ್ನು ಮಾರಿದ್ದಕ್ಕಾಗಿ ಮರುಗುವವರ ಜೊತೆ ನಾನಿಲ್ಲ. ನನ್ನ ತಕರಾರು ಬೇರೆ. ಎಚ್‌ಎಂಟಿ ಗಡಿಯಾರವನ್ನು ಮದುವೆಯ ಉಡುಗೊರೆಗೆಂದು ಕಾದು ಕೊಂಡ ಜನ ಈ ನಾಡಿನಲ್ಲೇ ಇದ್ದರು. ಆಟಕ್ಕೆ ಅಂಥ ಗಿರಾಕಿಗಳು ಎಲ್ಲಿದ್ದರು? ಕಳ್ಳಪ್ರತಿಯ ಸಿಡಿ ಅಗ್ಗಕ್ಕೆ ದೊರೆಯುತ್ತಿದ್ದ ಊರಿನಲ್ಲಿ ಸ್ವಂತ ಆಟ ಮಾಡಿ ಮಾರುತ್ತೇನೆಂದರೆ ಸಾಲ ತೀರುವ ಬಗೆ ಹೇಗೆ? ಆನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆಂದು ನಮ್ಮ ಸರ್ಕಾರ 2012ರಲ್ಲಿ ಒಂದು ನೀತಿಯನ್ನೇ ತಂದಿತು. ಅದು ಒಳ್ಳೆಯದೇ. ಆದರೆ ಕೆಲಸ ಕಲಿಸುವುದು ಒಂದು, ಕೊಳ್ಳುವವರನ್ನು ಹುಟ್ಟಿಸುವುದು ಇನ್ನೊಂದು. ಮೊಮ್ಮಕ್ಕಳಿಗೆ ವಿದೇಶದ ಆಟಕ್ಕೆ ಸಾವಿರಾರು ರೂಪಾಯಿ ತೆರುವವರು ಇಲ್ಲಿಯ ಹುಡುಗರು ಮಾಡಿದ ಒಂದು ಆಟವನ್ನೂ ಕಾಸು ಕೊಟ್ಟು ಕೊಳ್ಳಲೆಂಬುದಷ್ಟೇ ನನ್ನ ಆಗ್ರಹ.

ಓದುಗರಲ್ಲಿ ಯಾರಾದರೂ ಧ್ರುವದಲ್ಲಿ ದುಡಿದವರಿದ್ದರೆ ದಯವಿಟ್ಟು ನನಗೆ ಬರೆಯಿರಿ. ಆ ಹುಡುಗಿ ನಿಮ್ಮನ್ನು ಕೇಳಬೇಕೆಂದು ಪ್ರಶ್ನೆಗಳ ಒಂದು ಪಟ್ಟಿಯನ್ನೇ ಮಾಡಿಟ್ಟುಕೊಂಡಿದ್ದಾಳೆ.