ವಿಕೆಟ್ ಹಿಂದೆ ಕೂತವರ ಪಾಲು

ರಾಹುಲ್ ದ್ರಾವಿಡ್ ಅಂದ ಕೂಡಲೇ ನಮ್ಮ ಪತ್ರಿಕೆಗಳಿಗೆ ನೆನಪಾಗುವುದು ‘ಗೋಡೆ’. ಇಪ್ಪತ್ತು ವರ್ಷದಿಂದ ಅದೇ ತಲೆಬರಹ. ಅದೇ ಮನುಷ್ಯ 2003ರ ವಿಶ್ವಕಪ್‌ನಲ್ಲಿ ಗ್ಲೌಸ್ ತೊಟ್ಟು ವಿಕೆಟ್ ಹಿಂದೆ ಕೂತಿದ್ದು ಎಷ್ಟು ಜನಕ್ಕೆ ನೆನಪಿದೆ? ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕಿತ್ತು, ಇವರು ಕೀಪಿಂಗ್ ಒಪ್ಪಿಕೊಂಡರು. ಐವತ್ತು ಓವರು, ಮುನ್ನೂರು ಎಸೆತ, ಪ್ರತಿಯೊಂದಕ್ಕೂ ಕೂತು ಏಳಬೇಕು. ಚೆನ್ನಾಗಿ ಮಾಡಿದರೆ ಯಾರೂ ನೋಡುವುದಿಲ್ಲ, ಕ್ಯಾಚ್ ಬಿಟ್ಟರೆ ಮಾತ್ರ ಹೆಸರು ಬರುವ ಕೆಲಸ ಅದು.

ಕೋಚ್ ಕೆಲಸವೂ ಹಾಗೇ. 2018ರಲ್ಲಿ ಇವರ ಹುಡುಗರು ನ್ಯೂಜಿಲೆಂಡ್‌ನಲ್ಲಿ ಕಿರಿಯರ ವಿಶ್ವಕಪ್ ಗೆದ್ದರು. ಕ್ರಿಕೆಟ್ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಘೋಷಿಸಿತು. ಈ ತಾರತಮ್ಯ ಯಾಕೆ ಎಂದು ದ್ರಾವಿಡ್ ಕೇಳಿದರು. ಕೊನೆಗೆ ಎಲ್ಲರಿಗೂ 25 ಲಕ್ಷ ಆಯಿತು, ಅವರದು ಅರ್ಧಕ್ಕಿಳಿಯಿತು. 2024ರಲ್ಲಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಾಗಲೂ ತಮಗೆ ಗೊತ್ತುಮಾಡಿದ್ದ 5 ಕೋಟಿ ಬೇಡ, ಬೇರೆ ಕೋಚ್‌ಗಳಂತೆ ಎರಡೂವರೆ ಕೋಟಿ ಸಾಕು ಎಂದರೆಂದು ವರದಿಯಾಯಿತು. ಹೊಗಳಿದವರೆಲ್ಲ ಇದನ್ನು ‘ಸರಳತೆ’ ಎಂದರು. ನಮ್ಮ ಪ್ರಕಾರ ಅದು ಸರಳತೆ ಅಲ್ಲ, ಲೆಕ್ಕ. ಗೆಲುವಿನಲ್ಲಿ ಯಾರ ಬೆವರು ಎಷ್ಟು ಎಂಬ ಲೆಕ್ಕ.

ಆ ಲೆಕ್ಕ ನಮ್ಮ ಕಡೆ ಯಾರು ಇಡುತ್ತಿದ್ದಾರೆ? ನಮ್ಮ ಜಿಲ್ಲೆಯದೇ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ರಾಜ್ಯ ಸರ್ಕಾರ 5 ಲಕ್ಷ ಕೊಡುತ್ತೇವೆಂದಿತು, ಅವರು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಕೊಟ್ಟಿತ್ತು. ಅವರು ಮಾಡಿದ್ದು ಸರಿ. ಆದರೆ ಆ ಗಲಾಟೆಯಲ್ಲಿ ಕಲಿಸಿದವರಿಗೆ ಎಷ್ಟು ಎಂದು ಕೇಳಿದ ವರದಿ ಎಷ್ಟಿತ್ತು?

ಬಿಳಿಕೆರೆಯಿಂದ ಹುಣಸೂರಿಗೆ ಹೋಗಿ, ಕೆ.ಆರ್. ನಗರಕ್ಕೆ ತಿರುಗಿ, ಇಲ್ಲವೇ ಎಚ್.ಡಿ. ಕೋಟೆ ಕಡೆ ಇಳಿಯಿರಿ. ಸರ್ಕಾರಿ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರು ಇಲ್ಲದ ಕಡೆ ಎಷ್ಟೋ. ಇದ್ದ ಕಡೆ ಅವರಿಗೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಚುನಾವಣೆ ಡ್ಯೂಟಿ. ಪರೀಕ್ಷೆ ಹತ್ತಿರ ಬಂದರೆ ಆಟದ ಪೀರಿಯಡ್ ಗಣಿತಕ್ಕೆ. ಬಾಲ್‌ಗೆ ದುಡ್ಡು ಇಲ್ಲದಿದ್ದರೆ ಮೇಷ್ಟ್ರ ಜೇಬು. (ಜೇಬಿನಿಂದ ಹೋದದ್ದಕ್ಕೆ ಬಿಲ್ ಕೇಳುವ ಅಧಿಕಾರಿ ಇನ್ನೂ ಹುಟ್ಟಿಲ್ಲ.) ಹುಡುಗಿ ಜಿಲ್ಲಾಮಟ್ಟಕ್ಕೆ ಗೆದ್ದು ಬಂದರೆ ಹಾರ ಶಾಸಕರಿಂದ, ಪೇಟ ಅಧ್ಯಕ್ಷರಿಂದ, ಫೋಟೊದಲ್ಲಿ ಹನ್ನೊಂದು ಗಣ್ಯರು. ಮೇಷ್ಟ್ರು ಫೋಟೊ ತೆಗೆಯುತ್ತಿರುತ್ತಾರೆ.

ಮಕ್ಕಳಿಗೆ ದ್ರಾವಿಡ್ ಆದರ್ಶ ಎಂದು ಭಾಷಣ ಬಿಗಿಯುವವರನ್ನು ನಾವು ಕೇಳುವುದು ಇಷ್ಟೇ: ಖಾಲಿ ಹುದ್ದೆ ತುಂಬಿ. ಮೈದಾನದ ಹೊತ್ತಲ್ಲಿ ಮೇಷ್ಟ್ರನ್ನು ಮೈದಾನದಲ್ಲೇ ಬಿಡಿ. ಆಟಗಾರರಿಗೆ ಬಹುಮಾನ ಘೋಷಿಸುವಾಗಲೇ ಕಲಿಸಿದವರ ಪಾಲನ್ನೂ ಅದೇ ಆದೇಶದಲ್ಲಿ ಬರೆಯಿರಿ. ಈ ಸಲದ ದಸರಾ ಕ್ರೀಡಾಕೂಟದ ಸುದ್ದಿಯಲ್ಲಿ ನಮ್ಮ ಮೊದಲ ಪ್ಯಾರಾದಲ್ಲೇ ತರಬೇತಿ ಕೊಟ್ಟವರ ಹೆಸರು ಇರುತ್ತದೆ. ಗಣ್ಯರ ಪಟ್ಟಿಗೆ ಜಾಗ ಉಳಿದರೆ ನೋಡೋಣ.